ಸಿಟಿ ಒಳಗೆ ಹಣ್ಣು ಬಿಡೋ ಪೊದೆ ಗಿಡ ಬೆಳೆಸೋದು ಹೇಗೆ, ಯಾವ್ದು ಹಾಕ್ಬೇಕು, ಯಾವ್ದು ಬೇಡ

ಬೆಂಗಳೂರಲ್ಲಿ ಯಾವ ಲೇಔಟಿಗೆ ಹೋದ್ರೂ ಪಾರ್ಕ್ ಸುತ್ತ, ಅಪಾರ್ಟ್‌ಮೆಂಟ್ ಗೇಟ್ ಹತ್ರ, ರಸ್ತೆ ಮಧ್ಯದ ಮೀಡಿಯನ್‌ನಲ್ಲಿ ಒಂದೇ ಥರದ ಹಳದಿ ಎಲೆ ಗಿಡ ಕಾಣತ್ತೆ, ಮೊಣಕಾಲೆತ್ತರಕ್ಕೆ ಸಮ ಮಾಡಿ ಕತ್ತರಿಸಿರ್ತಾರೆ, ಅದೇ ಡ್ಯುರಾಂಟಾ. ಈ ಜಾತಿ ಗಿಡನ ಕತ್ತರಿ ಮುಟ್ಟಿಸದೆ ಬಿಟ್ರೆ ಆಳೆತ್ತರ ಬೆಳೆದು, ತಿಳಿ ನೇರಳೆ ಹೂ ಬಿಟ್ಟು, ಆಮೇಲೆ ಕಿತ್ತಳೆ ಬಣ್ಣದ ಮಣಿ ಪೋಣಿಸಿದ ಹಾಗೆ ಗೊಂಚಲು ಗೊಂಚಲು ಹಣ್ಣು ಇಳಿಬಿಡತ್ತೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಗೊತ್ತಾಗೋದಾದ್ರೂ ಹೇಗೆ, ಹೂ ಬರೋದೇ ಹೊಸ ಚಿಗುರಿನ ತುದಿಯಲ್ಲಿ, ಆ ತುದಿನ ಮಾಲಿ ತಿಂಗಳಿಗೊಂದ್ಸಲ ಕತ್ತರಿಸಿ ಹಾಕ್ತಾನೆ. ನಮ್ಮ ಊರುಗಳಲ್ಲಿ ಹಣ್ಣಿನ ಪೊದೆಗಳು ಕಾಣದೇ ಇರೋಕೆ ಮುಖ್ಯ ಕಾರಣ ಮಣ್ಣೂ ಅಲ್ಲ ನೀರೂ ಅಲ್ಲ, ಈ ಕತ್ತರಿ. ಹಾಗಾಗಿ ಗಿಡದ ಹೆಸರುಗಳಿಗಿಂತ ಮೊದಲು ಇದೊಂದು ವಿಷಯ ತಲೇಲಿಟ್ಕೊಳ್ಳಿ, ಹಣ್ಣು ಬೇಕು ಅಂದ್ರೆ ಗಿಡನ ಡಬ್ಬದ ಆಕಾರಕ್ಕೆ ಕತ್ತರಿಸೋ ಅಭ್ಯಾಸ ಬಿಡ್ಲೇಬೇಕು.

ಇನ್ನು ಡ್ಯುರಾಂಟಾನೇ ಬೆಳೆಸಿ ಅಂತ ನಾನು ಹೇಳ್ತಿಲ್ಲ. ಅದರ ಹಣ್ಣು ಮನುಷ್ಯರಿಗೆ ವಿಷ, ಮಕ್ಕಳು, ನಾಯಿ, ಬೆಕ್ಕು ತಿಂದು ಸತ್ತಿರೋ ವರದಿ ಹೊರದೇಶಗಳಲ್ಲಿದೆ, ಹಕ್ಕಿಗಳಿಗೆ ಮಾತ್ರ ಏನೂ ಆಗಲ್ಲ. ನೋಡೋಕೆ ತಿನ್ನೋ ಹಣ್ಣಿನ ಹಾಗೇ ಇರೋದ್ರಿಂದ ಆಟದ ಮೈದಾನ, ಶಾಲೆ ಕಾಂಪೌಂಡು, ಅಂಗನವಾಡಿ ಹತ್ರ ಇದನ್ನ ಹಣ್ಣು ಬಿಡೋಕೆ ಬಿಡಬಾರದು. ಮಕ್ಕಳ ಕೈಗೆ ಸಿಗದ ಮೀಡಿಯನ್‌ನಲ್ಲೋ ಫ್ಲೈಓವರ್ ಪಕ್ಕದಲ್ಲೋ ಇದ್ರೆ ಇರ್ಲಿ. ರಾತ್ರಿರಾಣಿ ಕೂಡ ಇದೇ ಸಾಲಿಗೆ ಸೇರತ್ತೆ, ವಾಸನೆಗೆ ಅಂತ ಎಲ್ಲರೂ ಹಾಕ್ತಾರೆ ಆದ್ರೆ ಅದರ ಬಿಳಿ ಹಣ್ಣು ವಿಷ, ಮನೇಲಿ ಅಂಬೆಗಾಲಿಡೋ ಮಗು ಇದ್ರೆ ಹೂ ಬಾಡಿದ ಕೂಡ್ಲೇ ಆ ಗೊಂಚಲು ತೆಗೆದುಬಿಡಿ.

ಲಾಂಟಾನ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು. 1800ರ ದಶಕದ ಶುರುವಲ್ಲಿ ಕಲ್ಕತ್ತದ ಬೊಟಾನಿಕಲ್ ಗಾರ್ಡನ್‌ಗೆ ಬರೀ ಅಲಂಕಾರಕ್ಕೆ ಅಂತ ತಂದ ಗಿಡ ಇದು, ಬಣ್ಣ ಬಣ್ಣದ ಹೂವು, ಆಮೇಲೆ ಕಪ್ಪು ಹಣ್ಣು, ಆ ಹಣ್ಣನ್ನ ಹಕ್ಕಿ ತಿಂದು ಬೀಜನ ಎಲ್ಲೆಲ್ಲೋ ಹಾಕಿ ಇವತ್ತು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಎಲ್ಲಾ ಕಡೆ ಕಾಡಿನ ತಳ ತುಂಬ್ಕೊಂಡಿದೆ, ಆನೆ ಜಿಂಕೆಗೆ ಹುಲ್ಲೇ ಸಿಗದ ಹಾಗೆ. ದನ ಅದರ ಎಲೆ ತಿಂದ್ರೆ ಲಿವರ್ ಹೋಗತ್ತೆ. ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಅದನ್ನ ಕಡಿದು ಕುರ್ಚಿ ಮೇಜು ಮಾಡ್ತಾರೆ, ಅದು ಒಳ್ಳೆ ಕೆಲಸ, ಆದ್ರೆ ಕಾಡು ತುಂಬಿರೋ ಲಾಂಟಾನಕ್ಕೆ ಅದು ಸಾಲಲ್ಲ. ಅಲಂಕಾರದ ಹಣ್ಣಿನ ಪೊದೆ ಆಯ್ಕೆ ಮಾಡುವಾಗ ಇದನ್ನ ಮರೀಬಾರದು, ಯಾಕಂದ್ರೆ ಹಕ್ಕಿ ತಿನ್ನೋ ಹಣ್ಣು ಅಂದ್ಮೇಲೆ ಬೀಜ ನಮ್ಮ ಕಾಂಪೌಂಡ್ ಒಳಗೇ ಉಳಿಯಲ್ಲ. ನಿಮ್ಮ ಲೇಔಟ್ ಬನ್ನೇರುಘಟ್ಟ ಕಡೆನೋ ತುರಹಳ್ಳಿ ಕಡೆನೋ ಇದ್ರೆ, ಅಥವಾ ಶಿವಮೊಗ್ಗ, ಚಿಕ್ಕಮಗಳೂರಿನ ಥರ ಕಾಡು ಹತ್ರ ಇರೋ ಊರಾದ್ರೆ, ಹೊರದೇಶದ ಪೊದೆ ಬಿಟ್ಟು ನಮ್ಮ ನೆಲದ್ದೇ ಹಾಕಿ. ಊರ ನಡುವೆ, ಜಯನಗರ ಮಲ್ಲೇಶ್ವರದ ಥರ ಜಾಗದಲ್ಲಿ, ಸ್ವಲ್ಪ ಸಡಿಲ ಬಿಡಬಹುದು.

ಹಾಗಾದ್ರೆ ಯಾವ್ದು ಹಾಕೋದು? ನನ್ನ ಲೆಕ್ಕದಲ್ಲಿ ಮೊದಲನೇ ಸ್ಥಾನ ಕವಳಿಗೆ. ಕೌಳಿ ಅಂತಾರೆ, ಕರಾವಳಿ ಕಡೆ ಕರಂಡೆ ಅಂತಾರೆ, ನರ್ಸರೀಲಿ ಕರೋಂಡಾ ಅಂತ ಕೇಳಿದ್ರೆ ಬೇಗ ಸಿಗತ್ತೆ. ನಮ್ಮದೇ ಗಿಡ, ಬಿಸಿಲು ತಡ್ಕೊಳತ್ತೆ, ಕಲ್ಲು ನೆಲದಲ್ಲೂ ಬರತ್ತೆ, ಬೇರು ಹಿಡಿದ ಮೇಲೆ ನೀರು ಕೇಳೋದೇ ಕಡಿಮೆ. ಬೇಸಿಗೆ ಶುರುವಾಗೋ ಹೊತ್ತಿಗೆ ನಕ್ಷತ್ರದ ಆಕಾರದ ಬಿಳಿ ಹೂವು, ಸಣ್ಣಗೆ ಪರಿಮಳ, ಆಮೇಲೆ ಕಾಯಿ ಮೊದಲು ಹಸಿರು, ಬಿಸಿಲು ಬೀಳೋ ಕಡೆ ಕೆನ್ನೆ ಕೆಂಪಾಗತ್ತೆ, ಹಣ್ಣಾದಾಗ ಕಡು ನೇರಳೆ, ಕಪ್ಪು. ಒಂದೇ ರೆಂಬೆಯಲ್ಲಿ ಈ ಮೂರೂ ಬಣ್ಣ ಒಟ್ಟಿಗೆ ಇರೋ ವಾರಗಳಲ್ಲಿ ಇದಕ್ಕಿಂತ ಚೆಂದದ ಬೇಲಿ ಸಿಟೀಲಿ ಇನ್ನೊಂದಿಲ್ಲ ಅಂತ ನಾನು ಧೈರ್ಯವಾಗಿ ಹೇಳ್ತೀನಿ. ಕಾಯಲ್ಲಿ ಉಪ್ಪಿನಕಾಯಿ, ಗೊಜ್ಜು, ಹಣ್ಣಲ್ಲಿ ಜ್ಯಾಮ್. ಬೇಕರಿ ಕೇಕ್ ಮೇಲೆ, ಟುಟಿ ಫ್ರೂಟಿ ಜೊತೆ ಚೆರ್ರಿ ಅಂತ ಇಡೋ ಕೆಂಪು ಹಣ್ಣು ಎಷ್ಟೋ ಸಲ ಇದೇ ಕವಳಿನ ಸಕ್ಕರೆ ಪಾಕದಲ್ಲಿ ಹಾಕಿ ಬಣ್ಣ ಕೊಟ್ಟಿದ್ದು. ಮುಳ್ಳು ಮಾತ್ರ ಗಟ್ಟಿ, ಜೋಡಿ ಜೋಡಿಯಾಗಿ, ಕೆಲವು ತುದೀಲಿ ಕವಲೊಡೆದಿರತ್ತೆ, ಚುಚ್ಚಿದ್ರೆ ಎರಡು ದಿನ ನೋವು. ಹಾಗಾಗಿ ಕಾಂಪೌಂಡ್ ಒಳಗಿನ ಅಂಚಿಗೆ, ನಾಯಿ ದನ ನುಗ್ಗೋ ಜಾಗಕ್ಕೆ ಸರಿ, ಜನ ಓಡಾಡೋ ಫುಟ್‌ಪಾತ್‌ಗೆ ಒತ್ತಿ ಹಾಕಬಾರದು, ಐದಡಿ ಆದ್ರೂ ಹಿಂದೆ ಇರ್ಬೇಕು.

ಎರಡನೇದು ಕಾಮಿನಿ, ಮಧುಕಾಮಿನಿ ಅಂತಾನೂ ಮಾರ್ತಾರೆ, ಕರಿಬೇವಿನ ನೆಂಟ. ಮುಳ್ಳಿಲ್ಲ, ಎಲೆ ಹೊಳೆಯತ್ತೆ, ಒಂದು ಮಳೆ ಬಿದ್ದು ಸ್ವಲ್ಪ ದಿನಕ್ಕೆ ಇಡೀ ಗಿಡ ಬಿಳೀ ಹೂವಾಗಿ ರಸ್ತೆ ಎಲ್ಲಾ ಘಮ್ ಅನ್ನತ್ತೆ, ಆಮೇಲೆ ಕೆಂಪು ಹಣ್ಣು. ಹಣ್ಣು ನಾವು ತಿನ್ನೋದಲ್ಲ, ಪಿಕಳಾರಗಳು, ಅಂದ್ರೆ ಬುಲ್‌ಬುಲ್ ಹಕ್ಕಿಗಳು, ತಿಂತಾವೆ. ಅರೆ ನೆರಳಲ್ಲೂ ಬರತ್ತೆ ಆದ್ರೆ ಹೂ ಹಣ್ಣು ಜಾಸ್ತಿ ಬೇಕಂದ್ರೆ ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೇಕು. ಒಂದು ಎಚ್ಚರಿಕೆ, ನಿಂಬೆ ಗಿಡನ ಕಾಡೋ ಸಿಲ್ಲಿಡ್ ಅನ್ನೋ ಸಣ್ಣ ಹುಳಕ್ಕೆ ಕಾಮಿನಿ ಅಂದ್ರೆ ಬಹಳ ಇಷ್ಟ, ಮನೇಲಿ ನಿಂಬೆ, ಮೋಸಂಬಿ ಇದ್ರೆ ಪಕ್ಕದಲ್ಲೇ ಇದನ್ನ ಹಾಕ್ಬೇಡಿ.

ಮೂರನೇದು ಹಮೇಲಿಯಾ. ಅಮೆರಿಕ ಕಡೆಯ ಗಿಡ, ಕಿತ್ತಳೆ ಕೆಂಪು ಬಣ್ಣದ ಕೊಳವೆ ಹೂವು, ವರ್ಷದ ಹೆಚ್ಚಿನ ತಿಂಗಳು ಹೂ ಹಣ್ಣು ಎರಡೂ ಇರತ್ತೆ. ಸೂರಕ್ಕಿ ಹೂವಿಗೆ ಬರತ್ತೆ, ಪಿಕಳಾರ ಹಣ್ಣಿಗೆ ಬರತ್ತೆ. ಬೇಗ ಬೆಳೆಯತ್ತೆ, ಕಡ್ಡಿ ನೆಟ್ರೂ ಸಾಕು. ಆರೇಳು ಅಡಿ ಆರಾಮಾಗಿ ಹೋಗೋದ್ರಿಂದ ಗೋಡೆ ಮುಚ್ಚೋಕೆ, ಟ್ರಾನ್ಸ್‌ಫಾರ್ಮರ್ ಕಟ್ಟೆ ಮರೆ ಮಾಡೋಕೆ ಒಳ್ಳೇದು. ಬಾರ್ಬಡೋಸ್ ಚೆರ್ರಿ ಅಂತ ಇನ್ನೊಂದಿದೆ, ನರ್ಸರಿಗಳಲ್ಲಿ ಬರೀ ಚೆರ್ರಿ ಗಿಡ ಅಂತಾರೆ, ಗುಲಾಬಿ ಹೂವು ಕೆಂಪು ಹಣ್ಣು, ಹುಳಿ, ವಿಟಮಿನ್ ಸಿ ಭರ್ತಿ, ಮಕ್ಕಳು ಕಿತ್ತು ತಿನ್ನಲಿ ಅಂತಾನೇ ಪಾರ್ಕಲ್ಲಿ ಹಾಕ್ಬಹುದು. ಸುರಿನಾಮ್ ಚೆರ್ರಿ ಕೂಡ ಹಾಗೇ, ಕುಂಬಳಕಾಯಿ ಥರ ಗೆರೆ ಗೆರೆ ಇರೋ ಕೆಂಪು ಹಣ್ಣು, ಪೂರ್ತಿ ಕಡು ಕೆಂಪಾಗೋ ತನಕ ಕಾಯ್ಬೇಕು ಇಲ್ಲಾಂದ್ರೆ ರಾಳದ ವಾಸನೆ ಹೊಡೆಯತ್ತೆ.

ಕೇಪಳ ಮರೆಯೋ ಹಾಗಿಲ್ಲ. ದಕ್ಷಿಣ ಕನ್ನಡ, ಉಡುಪಿ ಕಡೆಯವರಿಗೆ ಹೇಳೋದೇ ಬೇಡ, ಗುಡ್ಡದಲ್ಲಿ ಕಿತ್ತು ತಿಂದ ಹಣ್ಣು. ಆದ್ರೆ ಬೆಂಗಳೂರಿನ ನರ್ಸರೀಲಿ ಇಕ್ಸೋರಾ ಅಂತ ಕೊಡೋ ಕುಳ್ಳ ಹೈಬ್ರಿಡ್‌ಗಳು ಹೂವಿಗೆ ಮಾತ್ರ, ಹಣ್ಣು ಕಾಣೋದು ಅಪರೂಪ. ಹಣ್ಣು ಬೇಕಂದ್ರೆ ಊರಿಂದ ಕಾಡು ಕೇಪಳದ ಸಸಿನೇ ತರಿಸ್ಕೊಳ್ಳಿ. ಇದಕ್ಕೆ ಹುಳಿ ಮಣ್ಣು ಇಷ್ಟ, ಮಂಗಳೂರಿನ ಮುರಕಲ್ಲು ಮಣ್ಣಲ್ಲಿ ತಾನಾಗೇ ಬರೋ ಗಿಡ ಬೆಂಗಳೂರಲ್ಲಿ ಹೊಸ ಮನೆ ಗೋಡೆ ಪಕ್ಕ ಹಾಕಿದ್ರೆ ಎಳೆ ಎಲೆ ಹಳದಿ ಆಗಿ ನರ ಮಾತ್ರ ಹಸಿರು ಉಳಿಯತ್ತೆ. ಜನ ನೀರು ಸಾಲ್ತಿಲ್ಲ ಅಂತ ಇನ್ನೂ ನೀರು ಹಾಕ್ತಾರೆ. ಅದು ನೀರಿನ ಸಮಸ್ಯೆ ಅಲ್ಲ, ಸಿಮೆಂಟು, ಸುಣ್ಣ, ಗಾರೆ ಬಿದ್ದು ಮಣ್ಣು ಕ್ಷಾರ ಆಗಿರತ್ತೆ, ಬೇರಿಗೆ ಕಬ್ಬಿಣ ಎಳ್ಕೊಳ್ಳೋಕೆ ಆಗಲ್ಲ. ಡೆಬ್ರಿಸ್ ತೆಗೆದು, ಕಾಂಪೋಸ್ಟ್ ಧಾರಾಳವಾಗಿ ಹಾಕಿ, ಕೀಲೇಟೆಡ್ ಐರನ್, ಅಂದ್ರೆ ಗಿಡ ಸುಲಭವಾಗಿ ಎಳ್ಕೊಳ್ಳೋ ರೂಪದ ಕಬ್ಬಿಣ, ಪ್ಯಾಕೆಟಲ್ಲಿ ಸಿಗತ್ತೆ, ಅದರ ಮೇಲೆ ಬರೆದಿರೋ ಅಳತೆಗೆ ನೀರಲ್ಲಿ ಕಲಸಿ ಎಲೆಗೆ ಸಿಂಪಡಿಸಿದ್ರೆ ಹೊಸ ಚಿಗುರು ಹಸಿರಾಗಿ ಬರತ್ತೆ.

ಬೇರೆ ಊರಿನವರಿಗೆ ಒಂದೆರಡು ಮಾತು. ಕಲಬುರಗಿ, ರಾಯಚೂರು, ವಿಜಯಪುರದ ಬಿಸಿಲಿಗೆ ಕವಳಿ ಮತ್ತೆ ಫಾಲ್ಸಾ (ಹುಳಿ ಸಿಹಿ ಸಣ್ಣ ನೇರಳೆ ಹಣ್ಣು ಬಿಡೋ ಪೊದೆ) ಎರಡೇ ನಿಶ್ಚಿಂತೆ, ಎರಿ ಮಣ್ಣಲ್ಲಿ ಮಳೆಗಾಲದಲ್ಲಿ ನೀರು ನಿಲ್ಲತ್ತೆ, ಅದಕ್ಕೆ ಅರ್ಧ ಅಡಿ ಏರು ಮಾಡಿ ಅದರ ಮೇಲೆ ನೆಡಿ. ಮಂಗಳೂರು, ಉಡುಪಿ, ಕಾರವಾರದವರು ಕೇಪಳ, ನೆಕ್ಕರೆ ಹಾಕಿ, ನೆಕ್ಕರೆಯ ನೇರಳೆ ಹೂವು ಯಾವ ವಿದೇಶಿ ಗಿಡಕ್ಕೂ ಕಡಿಮೆ ಇಲ್ಲ, ಗುಡ್ಡದ ಗಿಡ ಅಂತ ಗಾರ್ಡನ್‌ನಲ್ಲಿ ಯಾರೂ ಹಾಕಲ್ಲ, ಅದು ನನಗೆ ತುಂಬಾ ಬೇಜಾರಿನ ವಿಷಯ.

ಸರಿ, ಗಿಡ ಗೊತ್ತಾಯ್ತು, ಈಗ ಜೋಡಿಸೋದು. ಲಾಲ್‌ಬಾಗ್ ನೋಡ್ಕೊಂಡಿದ್ದ ಕ್ರುಂಬಿಗಲ್ ಬೆಂಗಳೂರಿನ ಬೀದಿಗಳಲ್ಲಿ ಒಂದು ಮರದ ಹೂವು ಮುಗಿಯೋ ಹೊತ್ತಿಗೆ ಇನ್ನೊಂದು ಅರಳೋ ಹಾಗೆ ಮರ ಹಾಕಿಸಿದ್ರು ಅಂತ ಎಲ್ಲರಿಗೂ ಗೊತ್ತು. ಅದೇ ಲೆಕ್ಕನ ಹಣ್ಣಿಗೂ ಇಟ್ಕೊಳ್ಳಿ. ಬೇಸಿಗೆ ಕೊನೆಯಿಂದ ಮಳೆಗಾಲದ ಶುರುವಿನ ತನಕ ಕವಳಿ, ಮಳೆ ಬಿದ್ದಾಗೆಲ್ಲ ಹೂ ಬಿಟ್ಟು ಕಾಯಾಗೋ ಚೆರ್ರಿ ಮತ್ತೆ ಕಾಮಿನಿ, ಉಳಿದ ತಿಂಗಳು ತುಂಬೋಕೆ ಹಮೇಲಿಯಾ, ಮೂಲೇಲೊಂದು ಕರಿಬೇವು. ಕರಿಬೇವಿನ ಕಪ್ಪು ಹಣ್ಣು ಕೋಗಿಲೆಗೂ ಪಿಕಳಾರಕ್ಕೂ ಹಬ್ಬ, ಆದ್ರೆ ಬುಡದಿಂದ ಮರಿ ಎದ್ದೇಳತ್ತಲ್ಲ, ಅದನ್ನ ಆಗಾಗ ಕಿತ್ತು ಕೇಳಿದೋರಿಗೆ ಕೊಡಿ. ಒಂದೇ ಜಾತಿ ನೂರು ಗಿಡ ಸಾಲಾಗಿ ನೆಟ್ರೆ ಒಂದು ತಿಂಗಳು ಹಣ್ಣು, ಹನ್ನೊಂದು ತಿಂಗಳು ಬರೀ ಎಲೆ, ಒಂದಕ್ಕೆ ರೋಗ ಬಂದ್ರೆ ಇಡೀ ಸಾಲಿಗೆ ಬರತ್ತೆ. ಮೂರ್ಮೂರು ಗಿಡದ ಗುಂಪು ಮಾಡಿ, ಎತ್ತರದ್ದು ಹಿಂದೆ, ಕುಳ್ಳಂದು ಮುಂದೆ.

ಜಾಗ ನೋಡುವಾಗ ಹಣ್ಣು ಎಲ್ಲಿ ಬೀಳತ್ತೆ ಅಂತ ಮೊದಲೇ ಯೋಚಿಸಿ. ಕಪ್ಪು ಹಣ್ಣಿನ ಗಿಡನ ಕಾರ್ ಪಾರ್ಕಿಂಗ್ ಪಕ್ಕ, ತಿಳಿ ಬಣ್ಣದ ಕಲ್ಲು ಹಾಸಿರೋ ದಾರಿ ಪಕ್ಕ ಹಾಕಿದ್ರೆ ಒಂದು ಸೀಸನ್ ಆಗೋದ್ರೊಳಗೆ ಕಂಪ್ಲೇಂಟ್ ಶುರು, ಮುಂದಿನ ಮೀಟಿಂಗಲ್ಲಿ ಗಿಡ ಕಡಿಯೋ ತೀರ್ಮಾನ. ಬಿದ್ದ ಹಣ್ಣಿನ ಮೇಲೆ ವಯಸ್ಸಾದವರು ಜಾರೋ ಭಯನೂ ಇದೆ. ದಾರಿಗೂ ಗಿಡದ ಬುಡಕ್ಕೂ ನಡುವೆ ಮೂರ್ನಾಲ್ಕು ಅಡಿ ಬಿಟ್ಟು ಆ ಜಾಗಕ್ಕೆ ಒಣ ಎಲೆ ಹೊದಿಸಿಬಿಡಿ, ಹಣ್ಣು ಅಲ್ಲೇ ಬಿದ್ದು ಗೊಬ್ಬರ ಆಗತ್ತೆ. ರಸ್ತೆ ತಿರುವು, ಗೇಟಿನ ಎರಡೂ ಬದಿ, ಜಂಕ್ಷನ್ ಹತ್ರ ಎರಡಡಿಗಿಂತ ಎತ್ತರದ ಪೊದೆ ಬೇಡವೇ ಬೇಡ, ಬೈಕಿನವರಿಗೆ ಆ ಕಡೆಯಿಂದ ಬರೋರು ಕಾಣ್ಬೇಕು, ಸ್ಕೂಲ್ ಮಕ್ಕಳು ರಸ್ತೆ ದಾಟೋದು ಕಾಣ್ಬೇಕು. ಫುಟ್‌ಪಾತ್‌ನಲ್ಲಿ ನೆಡೋದಾದ್ರೆ ಕಾರ್ಪೊರೇಷನ್‌ನವರನ್ನ ಒಂದು ಮಾತು ಕೇಳಿ, ಕೆಳಗೆ ಕೇಬಲ್ಲು, ನೀರಿನ ಪೈಪು ಎಲ್ಲಿದೆ ಅಂತ ತಿಳ್ಕೊಂಡೇ ಹಾರೆ ಹಾಕಿ. ಬೇಸ್‌ಮೆಂಟ್ ಸ್ಲ್ಯಾಬ್ ಮೇಲಿನ ಗಾರ್ಡನ್ ಆದ್ರೆ ಕನಿಷ್ಠ ಎರಡಡಿ ಮಣ್ಣು ಬೇಕು, ನೆಂದ ಮಣ್ಣಿನ ಭಾರ ಒಂದು ಘನ ಮೀಟರಿಗೆ ಒಂದೂವರೆ ಟನ್‌ಗಿಂತ ಜಾಸ್ತಿ ಇರೋದ್ರಿಂದ ಇಂಜಿನಿಯರ್‌ನ ಕೇಳದೆ ಮಣ್ಣು ಏರಿಸ್ಬೇಡಿ.

ಗಸಗಸೆ ಹಣ್ಣಿನ ಮರ, ಸಿಂಗಾಪುರ ಚೆರ್ರಿ ಅಂತಾರಲ್ಲ ಅದನ್ನೂ ಹಾಕ್ಲಾ ಅಂತ ತುಂಬಾ ಜನ ಕೇಳ್ತಾರೆ. ಹಾಕಿ, ಬದನಿಕೆ ಹಕ್ಕಿ ಇಡೀ ದಿನ ಅಲ್ಲೇ ಇರತ್ತೆ, ಆದ್ರೆ ಅದು ಪೊದೆ ಅಲ್ಲ ಮರ, ನೋಡ್ತಾ ನೋಡ್ತಾ ಇಪ್ಪತ್ತಡಿ ಆಗತ್ತೆ, ಕೊಂಬೆ ಮೆದು, ಗಾಳಿ ಮಳೆಗೆ ಮುರಿಯತ್ತೆ, ಕರೆಂಟ್ ವೈರ್ ಕೆಳಗೆ ಬೇಡ.

ನೆಡೋಕೆ ಒಳ್ಳೇ ಟೈಮ್ ಮೃಗಶಿರ ಮಳೆ, ಅಂದ್ರೆ ಜೂನ್ ಎರಡನೇ, ಮೂರನೇ ವಾರ. ಮುಂದೆ ಅಕ್ಟೋಬರ್ ತನಕ ಮಳೆ ಬೆಂಬಲ ಸಿಗತ್ತೆ. ಗುಂಡಿ ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳ, ನೆಡೋಕೆ ಎರಡು ವಾರ ಮುಂಚೆನೇ ತೆಗೆದು ಬಿಸಿಲಿಗೆ ಬಿಡಿ. ಸಿಟಿ ಮಣ್ಣಲ್ಲಿ ಗುಂಡಿ ತೆಗೆಯೋದು ಅಂದ್ರೆ ಅರ್ಧ ಕೆಲಸ ಇಟ್ಟಿಗೆ ಚೂರು, ಪ್ಲಾಸ್ಟಿಕ್ಕು, ಟೈಲ್ಸ್ ಆರಿಸೋದೇ, ಅದನ್ನ ಪೂರ್ತಿ ಮಾಡಿ, ಮೇಲೆ ಮೇಲೆ ಮುಚ್ಚಿಬಿಟ್ರೆ ಗಿಡ ಎರಡು ವರ್ಷ ಆದ್ರೂ ಇದ್ದಷ್ಟೇ ಇರತ್ತೆ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳ ಗೊಬ್ಬರ, ಒಂದು ಪಾಲು ಮರಳು, ಒಂದು ಹಿಡಿ ಬೇವಿನ ಹಿಂಡಿ. ಕವರ್ ಹರಿಯದೆ ನೆಡೋ ಕಾಂಟ್ರಾಕ್ಟರ್‌ಗಳು ಇದಾರೆ, ನಿಂತು ನೋಡಿ, ಕವರ್ ತೆಗೆಸಿ, ಒಳಗೆ ಬೇರು ಸುತ್ತಿ ಸುತ್ತಿ ಗಂಟಾಗಿದ್ರೆ ಬೆರಳಲ್ಲಿ ನಿಧಾನಕ್ಕೆ ಬಿಡಿಸಿ. ಬೇಲಿ ಥರ ಬೇಕಂದ್ರೆ ಕಾಮಿನಿಗೆ ಎರಡೂವರೆ ಅಡಿ ಅಂತರ, ಕವಳಿಗೆ ಮೂರೂವರೆ, ಹಮೇಲಿಯಾಗೆ ನಾಲ್ಕು. ಮೊದಲ ವರ್ಷ ಖಾಲಿ ಖಾಲಿ ಕಾಣತ್ತೆ ಅಂತ ಹತ್ರ ಹತ್ರ ತುರುಕ್ಬೇಡಿ, ಬೇಕಾದ್ರೆ ನಡುವೆ ಚೆಂಡು ಹೂವೋ ತುಳಸಿನೋ ಹಾಕ್ಕೊಳ್ಳಿ.

ನೀರು ಮೊದಲ ವರ್ಷದ ಬೇಸಿಗೇಲಿ ವಾರಕ್ಕೆ ಎರಡು ಸಲ, ಪಾತಿ ತುಂಬ, ಆಳಕ್ಕೆ ಇಳಿಯೋ ಹಾಗೆ. ದಿನಾ ಒಂದು ಮಗ್ ಚಿಮುಕಿಸೋದ್ರಿಂದ ಬೇರು ಮೇಲೇ ಉಳಿಯತ್ತೆ. 2024ರ ಮಾರ್ಚಲ್ಲಿ ಬೆಂಗಳೂರು ಜಲಮಂಡಳಿ ಕುಡಿಯೋ ನೀರನ್ನ ಗಾರ್ಡನ್‌ಗೆ ಹಾಕಿದ್ರೆ 5000 ರೂಪಾಯಿ ದಂಡ ಅಂತ ಆರ್ಡರ್ ಮಾಡಿತ್ತಲ್ಲ, ಆ ಬೇಸಿಗೆ ಆದ್ಮೇಲೂ ಹುಲ್ಲುಹಾಸಿಗೆ ಟ್ಯಾಂಕರ್ ನೀರು ಸುರಿಯೋದು ನ್ಯಾಯ ಅಲ್ಲ. ಹುಲ್ಲುಹಾಸಿನ ಅರ್ಧ ತೆಗೆದು ಕವಳಿ ಹಾಕಿದ್ರೆ ನೀರಿನ ಖರ್ಚು ತಾನಾಗೇ ಇಳಿಯತ್ತೆ. ಅಪಾರ್ಟ್‌ಮೆಂಟ್‌ನ ಎಸ್‌ಟಿಪಿ ನೀರು, ಅಂದ್ರೆ ಶುದ್ಧೀಕರಿಸಿದ ಕೊಳಚೆ ನೀರು ಹಾಕ್ಬಹುದು, ಅದರಲ್ಲಿ ಉಪ್ಪಿನಂಶ ಸ್ವಲ್ಪ ಇರತ್ತೆ, ಕವಳಿ ತಡ್ಕೊಳತ್ತೆ, ಕೇಪಳ ತಡ್ಕೊಳಲ್ಲ. ಬುಡಕ್ಕೆ ಮೂರು ಇಂಚು ಒಣ ಎಲೆ ಹೊದಿಕೆ ಹಾಕಿ, ಕಾಂಡಕ್ಕೆ ತಾಗದ ಹಾಗೆ, ರಸ್ತೆ ಗುಡಿಸಿದ ಎಲೆ ಸುಡೋ ಬದಲು ಇಲ್ಲಿಗೆ ಬರ್ಲಿ.

ಈಗ ಮತ್ತೆ ಕತ್ತರಿಗೆ ಬರ್ತೀನಿ, ಯಾಕಂದ್ರೆ ಎಲ್ಲಾ ಸರಿ ಮಾಡಿ ಇಲ್ಲಿ ಎಡವಿದ್ರೆ ಹಣ್ಣಿಲ್ಲ. ಮೊದಲ ವರ್ಷ ಎಳೆ ಸಸಿ ತುದಿನ ಒಂದೆರಡು ಸಲ ಚಿವುಟಿ, ಪಕ್ಕಕ್ಕೆ ಕವಲೊಡೆಯತ್ತೆ. ಎರಡನೇ ವರ್ಷದಿಂದ ವರ್ಷಕ್ಕೆ ಒಂದೇ ಸಲ, ಹಣ್ಣು ಪೂರ್ತಿ ಮುಗಿದ ಮೇಲೆ. ಕವಳಿಗಾದ್ರೆ ಜುಲೈ ಆಗಸ್ಟ್‌ನಲ್ಲಿ. ಅದೂ ದೊಡ್ಡ ಕತ್ತರಿ ತಗೊಂಡು ಮೇಲಿಂದ ಸಮ ಮಾಡೋದಲ್ಲ, ಸಣ್ಣ ಕತ್ತರಿ ಹಿಡಿದು ಬಗ್ಗಿ ಬುಡ ನೋಡ್ಬೇಕು, ಅಲ್ಲಿ ತೊಗಟೆ ಬೂದು ಬಣ್ಣಕ್ಕೆ ತಿರುಗಿ ಒರಟಾಗಿರೋ ಹಳೇ ಕಾಂಡ ಇರತ್ತೆ, ಎಲೆ ತುದೀಲಿ ಮಾತ್ರ, ಅಂಥದ್ರಲ್ಲಿ ಮೂರರಲ್ಲಿ ಒಂದು ಭಾಗನ ನೆಲದ ಹತ್ರವೇ ತೆಗೀಬೇಕು. ಆಗ ಒಳಗೆ ಬೆಳಕು ಬೀಳತ್ತೆ, ಬುಡದಿಂದ ಹೊಸ ಚಿಗುರು ಎದ್ದು ಬರತ್ತೆ, ಮುಂದಿನ ಹೂ ಆ ಚಿಗುರಲ್ಲೇ. ಮೇಲಿಂದ ಮಾತ್ರ ಕತ್ತರಿಸ್ತಾ ಹೋದ್ರೆ ಹೊರಗೆ ಎರಡಿಂಚು ಎಲೆ, ಒಳಗೆ ಬರೀ ಒಣ ಕಡ್ಡಿ, ಬೇಕಾದ್ರೆ ಯಾವುದಾದ್ರೂ ಹಳೇ ಡ್ಯುರಾಂಟಾ ಬೇಲಿನ ಕೈಯಲ್ಲಿ ಸರಿಸಿ ನೋಡಿ. ಕತ್ತರಿಸೋ ಮೊದಲು ಒಳಗೆ ಗೂಡಿದ್ಯಾ ನೋಡಿ, ಕೆಮ್ಮೀಸೆ ಪಿಕಳಾರ ಎದೆಮಟ್ಟದ ಪೊದೇಲೇ ಗೂಡು ಕಟ್ಟತ್ತೆ, ಗೂಡಿದ್ರೆ ಮರಿ ಹಾರೋ ತನಕ ಆ ಗಿಡ ಬಿಟ್ಟು ಮುಂದೆ ಹೋಗಿ.

ಮಾಲಿ ಇದನ್ನೆಲ್ಲ ತಾನಾಗೇ ಮಾಡಲ್ಲ, ಅವರ ತಪ್ಪೂ ಅಲ್ಲ, ಮೇಂಟೆನೆನ್ಸ್ ಕಾಂಟ್ರಾಕ್ಟಲ್ಲಿ ತಿಂಗಳಿಗೊಮ್ಮೆ ಟ್ರಿಮ್ಮಿಂಗ್ ಅಂತ ಬರೆದಿರತ್ತೆ, ಮಾಡದಿದ್ರೆ ಬಿಲ್ ಪಾಸಾಗಲ್ಲ. ಹಾಗಾಗಿ ಅಸೋಸಿಯೇಷನ್‌ನಲ್ಲಿ ಮಾತಾಡಿ ಆ ಸಾಲನ್ನೇ ಬದಲಾಯಿಸಿ, ಈ ಈ ಗಿಡಗಳಿಗೆ ವರ್ಷಕ್ಕೊಂದು ಸಲ ಬುಡದಿಂದ ಕವಾತು, ಉಳಿದ ಟೈಮು ಕಳೆ, ಹೊದಿಕೆ, ಗೊಬ್ಬರ ಅಂತ. ಗಿಡದ ಮುಂದೆ ಸಣ್ಣ ಬೋರ್ಡ್ ಹಾಕಿ, ಹೆಸರು, ಹಣ್ಣು ತಿನ್ನಬಹುದಾ ಬಾರದಾ, ಯಾವ ತಿಂಗಳು ಕತ್ತರಿಸ್ಬೇಕು, ಇಷ್ಟು ಕನ್ನಡದಲ್ಲಿ ದೊಡ್ಡದಾಗಿ. ಮಾಲಿ ಬದಲಾದ್ರೂ ಬೋರ್ಡ್ ಇರತ್ತೆ.

ಹುಳಕ್ಕೆ ಔಷಧಿ ಹೊಡೆಯೋದು ಈ ಗಿಡಗಳಿಗೆ ಆಗಲ್ಲ, ಮಕ್ಕಳು ಹಕ್ಕಿಗಳು ತಿನ್ನೋ ಹಣ್ಣು. ಬಿಳಿ ಹಿಟ್ಟು ತಿಗಣೆ ಬಂದ್ರೆ ಪೈಪಲ್ಲಿ ಜೋರಾಗಿ ನೀರು ಬಿಡಿ, ಹೋಗದಿದ್ರೆ ಲೀಟರಿಗೆ 5 ಎಂಎಲ್ ಬೇವಿನ ಎಣ್ಣೆ, ಸ್ವಲ್ಪ ಸೋಪು ನೀರು ಕಲಸಿ ಸಂಜೆ ಹೊತ್ತು ಹೊಡೀರಿ, ಹಣ್ಣು ಇಲ್ಲದ ಟೈಮಲ್ಲಿ.

ಸಸಿಗೆ ಲಾಲ್‌ಬಾಗ್ ಒಳಗಿನ ನರ್ಸರಿಮೆನ್ ಸೊಸೈಟಿ, ಪಕ್ಕದ ಸಿದ್ದಾಪುರದ ನರ್ಸರಿಗಳು, ತೋಟಗಾರಿಕೆ ಇಲಾಖೆಯ ಫಾರ್ಮ್‌ಗಳಲ್ಲಿ ವಿಚಾರಿಸಿ. ಮನೇಲೇ ಮಾಡ್ಕೊಳ್ಳೋದೂ ಕಷ್ಟ ಇಲ್ಲ. ಹಮೇಲಿಯಾ ಕಡ್ಡಿ ಮಳೆಗಾಲದಲ್ಲಿ ಚುಚ್ಚಿದ್ರೆ ಸಾಕು. ಕವಳಿ ಕಡ್ಡಿ ಸರಿಯಾಗಿ ಬೇರು ಬಿಡಲ್ಲ, ಒಂದೋ ಗೂಟಿ ಕಟ್ಟಿ (ಗಿಡದಲ್ಲಿರೋ ಕೊಂಬೆಗೇ ತೊಗಟೆ ಸುಲಿದು, ಒದ್ದೆ ಪಾಚಿ ಸುತ್ತಿ ಬೇರು ಬರಿಸೋದು), ಇಲ್ಲಾ ಬೀಜದಿಂದ ಮಾಡಿ. ಬೀಜಕ್ಕೆ ಪೂರ್ತಿ ಕಪ್ಪಾದ ಹಣ್ಣೇ ಬೇಕು, ಹಿಸುಕಿ, ತಿರುಳು ತೊಳೆದು, ನೆರಳಲ್ಲಿ ಒಂದು ದಿನ ಆರಿಸಿ ಮಾರನೇ ದಿನವೇ ಕೋಕೋಪಿಟ್ (ತೆಂಗಿನ ನಾರಿನ ಪುಡಿ) ಕಲಸಿದ ಮಣ್ಣಲ್ಲಿ ಅರ್ಧ ಇಂಚು ಆಳಕ್ಕೆ ಹಾಕ್ಬಿಡಿ, ಮುಂದಿನ ವರ್ಷಕ್ಕೆ ಅಂತ ಡಬ್ಬೀಲಿ ಎತ್ತಿಟ್ರೆ ಹುಟ್ಟಲ್ಲ. ಕಾಮಿನಿ ಬೀಜನೂ ಹಾಗೇ, ಕೆಂಪಾದ ತಕ್ಷಣ ಹಾಕ್ಬೇಕು, ಸುಮಾರು ಮೂರ್ನಾಲ್ಕು ವಾರಕ್ಕೆ ಮೊಳಕೆ ಕಾಣತ್ತೆ. ಸಸಿ ಒಂದಡಿ ಆಗೋ ತನಕ ಕವರಲ್ಲೇ ಇಟ್ಕೊಂಡು ಮುಂದಿನ ಜೂನ್‌ಗೆ ನೆಲಕ್ಕೆ ಇಳಿಸಿ.